ಬಲ್ಲವನ ಮಾತು, ಕೇಳುವವನ ಕಿವಿ

ಹೋದ ಆಷಾಢದಲ್ಲಿ ನಮ್ಮ ಬೀದಿಯ ಗೃಹಸ್ಥರೊಬ್ಬರು ತಮ್ಮ ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಹುಡುಗನು ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಒಳ್ಳೆಯ ಶ್ರೇಣಿಯಲ್ಲಿ ತೇರ್ಗಡೆಯಾಗಿದ್ದನು. ಎರಡು ಕಂಪೆನಿಗಳು ನಡೆಸಿದ ಬರವಣಿಗೆಯ ಪರೀಕ್ಷೆಗಳಲ್ಲಿಯೂ ಮುಂದಾಗಿಯೇ ಬಂದಿದ್ದನು. ಆದರೆ ಎದುರಿಗೆ ಕೂರಿಸಿಕೊಂಡು ಮಾತನಾಡಿಸಿದಾಗ ಎರಡು ಕಡೆಗಳಲ್ಲಿಯೂ ಅವನನ್ನು ಕೈಬಿಟ್ಟಿದ್ದರು. ಈಗ ಪೇಟೆಯಲ್ಲಿ ‘ಸಾಫ್ಟ್ ಸ್ಕಿಲ್ಸ್’ ಕಲಿಸುತ್ತೇವೆಂದು ಫಲಕ ಹಾಕಿಕೊಂಡವರು ಆರು ವಾರಗಳಿಗೆ ದೊಡ್ಡದೊಂದು ಮೊತ್ತವನ್ನು ಕೇಳುತ್ತಿದ್ದಾರಂತೆ. “ಮೇಷ್ಟರೆ, ಇವನು ನಾಲ್ಕು ವರ್ಷ ಕಲಿತದ್ದು ವಿದ್ಯೆಯೋ, ಅವರು ಆರು ವಾರದಲ್ಲಿ ಕಲಿಸುವುದು ವಿದ್ಯೆಯೋ? ಯಾವುದಕ್ಕೆ ಹಣ ಕಟ್ಟಬೇಕಾಗಿತ್ತು, ನೀವೇ ಹೇಳಿ” ಎಂದು ತಂದೆಯು ಕೇಳಿದರು. ನಾನು ನಕ್ಕು, “ವಿದ್ಯೆಯಿದ್ದರೆ ಮಾತು ತಾನಾಗಿ ಬರುತ್ತದೆ, ಅವಸರ ಪಡಬೇಡಿ” ಎಂದು ಹೇಳಿ, ಕಾಫಿ ಕೊಟ್ಟು ಕಳುಹಿಸಿದೆನು.

ಅವರು ಗೇಟು ದಾಟುವ ಮೊದಲೇ ನಾನು ಹೇಳಿದುದು ಸುಳ್ಳೆಂದು ನನಗೆ ಗೊತ್ತಾಗಿತ್ತು. ವಿದ್ಯೆಯಿದ್ದೂ ಮಾತು ಬಾರದವರನ್ನು ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಕಂಡವನು ನಾನು. ಅಷ್ಟೇ ಅಲ್ಲ, ವಿದ್ಯೆಯೂ ಮಾತೂ ಎರಡೂ ಇದ್ದವರ ಮಾತು ಎದುರಿನವನ ಕಿವಿಗೆ ಬೀಳದೆ ಹೋದುದನ್ನೂ ಕಂಡಿದ್ದೇನೆ. ಒಂದು ಸಲ ಆ ಕಿವಿ ನನ್ನದೇ ಆಗಿತ್ತು. ಆ ದಿನ ಕೊಡಬೇಕಾಗಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ವಾಚಕರಲ್ಲಿ ಅನೇಕರ ಮನೆಗಳಲ್ಲಿಯೂ ಈ ಪ್ರಶ್ನೆ ಎದ್ದಿರಬಹುದಾದುದರಿಂದ ತುಸು ದೀರ್ಘವಾದರೂ ಸೈರಿಸಿಕೊಳ್ಳುವರೆಂದು ನಂಬಿದ್ದೇನೆ.

‘ಸಾಫ್ಟ್’ ಎಂಬ ಹೆಸರೇ ಮೊದಲು ನಮ್ಮನ್ನು ದಾರಿ ತಪ್ಪಿಸುತ್ತದೆ. ಮೃದು ಎಂದೊಡನೆ ನಯವಾದ ನುಡಿ, ನಗುಮುಖ, ಇಸ್ತ್ರಿ ಮಾಡಿದ ಅಂಗಿ, ಕೈಕುಲುಕುವ ಕ್ರಮ ಎಂದು ಜನರು ಭಾವಿಸುತ್ತಾರೆ. ಹೆಸರು ಬಳಕೆಗೆ ಬಂದ ಸ್ಥಳವನ್ನು ನೋಡಿದರೆ ಆಶ್ಚರ್ಯವಾದೀತು. ಅದು ಅಮೆರಿಕದ ಸೈನ್ಯ. ೧೯೭೨ರಲ್ಲಿ ಆ ಸೈನ್ಯದ ತರಬೇತಿಯ ಅಧಿಕಾರಿಗಳು ಈ ವಿಷಯಕ್ಕಾಗಿಯೇ ಒಂದು ಸಮ್ಮೇಳನವನ್ನು ಕೂಡಿಸಿದರು. ಯಂತ್ರಗಳೊಡನೆ ಮಾಡತಕ್ಕ ಕೆಲಸವನ್ನು ಹೇಗೆ ಕಲಿಸಬೇಕೆಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು. ಮನುಷ್ಯರೊಡನೆ ಮಾಡತಕ್ಕ ಕೆಲಸವನ್ನು, ಅಂದರೆ ಜನರನ್ನು ನಡೆಸುವುದು, ಮೇಲ್ವಿಚಾರಣೆ ಮಾಡುವುದು, ಇವನ್ನು ಹೇಗೆ ಕಲಿಸಬೇಕೆಂಬುದೇ ಅವರಿಗೆ ಬಿಡಿಸಲಾರದ ಗಂಟಾಗಿತ್ತು. ಈ ಎರಡನೆಯ ಬಗೆಗೆ ಅವರು ಇಟ್ಟ ಹೆಸರೇ ಇದು. ಸೈನ್ಯದವರಿಗೆ ಶಿಷ್ಟಾಚಾರದ ಪಾಠ ಬೇಕಾಗಿರಲಿಲ್ಲವೆಂಬುದನ್ನು ನಾನು ಬೇರೆ ಹೇಳಬೇಕಾಗಿಲ್ಲ.

ನಮ್ಮಲ್ಲಿ ಇದಕ್ಕೆ ಹತ್ತಿರವಾದ ಶಬ್ದವೆಂದರೆ ‘ವಿನಯ.’ ಈಗ ಅದು ತಲೆ ತಗ್ಗಿಸಿ ನಿಲ್ಲುವುದೆಂಬ ಅರ್ಥಕ್ಕೆ ಇಳಿದಿದೆ. ಮೂಲದಲ್ಲಿ ಅದು ‘ನೀ’ ಧಾತುವಿನಿಂದ ಬಂದುದು. ನಡೆಸು, ಒಯ್ಯು ಎಂಬುದು ಅದರ ಅರ್ಥ. ಕೌಟಿಲ್ಯನ ಅರ್ಥಶಾಸ್ತ್ರದ ಮೊದಲನೆಯ ಅಧಿಕರಣಕ್ಕೆ ವಿನಯಾಧಿಕಾರಿಕವೆಂದೇ ಹೆಸರು. ಅಲ್ಲಿ ವಿನಯವೆಂದರೆ ಶಿಕ್ಷಣ, ಪಳಗುವಿಕೆ. ರಾಜಪುತ್ರನಾದರೂ ಅದನ್ನು ಕಲಿತೇ ಪಡೆಯಬೇಕು. ಹುಟ್ಟಿನಿಂದ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ ಎಂಬ ಗುಣಗಳ ಪಟ್ಟಿಗೆ ನಮ್ಮ ಹಿರಿಯರು ಇದನ್ನು ಸೇರಿಸಲಿಲ್ಲ.

ಕಾಳಿದಾಸನ ಮಾಲವಿಕಾಗ್ನಿಮಿತ್ರದ ಮೊದಲನೆಯ ಅಂಕದಲ್ಲಿ ಗಣದಾಸ, ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರು ತಮ್ಮಲ್ಲಿ ಯಾರು ಮೇಲೆಂದು ಜಗಳವಾಡಿಕೊಂಡು ರಾಜನ ಬಳಿಗೆ ಬರುತ್ತಾರೆ. ಅಲ್ಲಿ ಪರಿವ್ರಾಜಿಕೆಯು ಹೇಳುವ ಮಾತಿನ ತಾತ್ಪರ್ಯವಿಷ್ಟು: ಒಬ್ಬನ ವಿದ್ಯೆಯು ಅವನಲ್ಲಿಯೇ ಚೆನ್ನಾಗಿ ನೆಲೆಸಿರುತ್ತದೆ, ಇನ್ನೊಬ್ಬನಿಗೆ ಅದನ್ನು ಬೇರೊಬ್ಬರಿಗೆ ದಾಟಿಸುವುದರಲ್ಲಿ ವಿಶೇಷ ಶಕ್ತಿಯಿರುತ್ತದೆ, ಎರಡೂ ಇದ್ದವನನ್ನೇ ಮುಂದೆ ನಿಲ್ಲಿಸಬೇಕು. ಉಪಾಧ್ಯಾಯ ವೃತ್ತಿಗೆ ಮಾತ್ರ ಈ ತೀರ್ಪು ಸಲ್ಲುತ್ತದೆಂದು ನಾನು ಬಹುಕಾಲ ನಂಬಿದ್ದೆನು. ಒಂದು ಕೆಲಸದಲ್ಲಿ ಇಬ್ಬರಿದ್ದರೆ ಸಾಕು, ದಾಟಿಸುವ ಪ್ರಶ್ನೆಯು ಬಂದೇ ಬರುತ್ತದೆಂಬುದು ಆಗ ಹೊಳೆದಿರಲಿಲ್ಲ.

ಮೊದಲನೆಯ ಶಕ್ತಿ ಪೂರ್ಣವಾಗಿದ್ದು ಎರಡನೆಯದು ಕೈಕೊಟ್ಟರೆ ಏನಾಗುತ್ತದೆಂಬುದಕ್ಕೆ ವಿಯೆನ್ನಾ ನಗರದ ಸೆಮ್ಮೆಲ್‌ವೈಸ್ ಎಂಬ ವೈದ್ಯನ ಕಥೆಯನ್ನು ನೋಡಬೇಕು. ಅಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆಯ ವಿಭಾಗಗಳಿದ್ದವು. ವೈದ್ಯ ವಿದ್ಯಾರ್ಥಿಗಳಿದ್ದ ಮೊದಲನೆಯದರಲ್ಲಿ ೧೮೪೬ರಲ್ಲಿ ನೂರು ಬಾಣಂತಿಯರಿಗೆ ಹನ್ನೊಂದಕ್ಕೂ ಮಿಕ್ಕಿ ಸಾಯುತ್ತಿದ್ದರು. ಸೂಲಗಿತ್ತಿಯರಿದ್ದ ಎರಡನೆಯದರಲ್ಲಿ ಮೂವರಿಗಿಂತ ಕಡಮೆ. ಶವಗಳನ್ನು ಕೊಯ್ದು ಪರೀಕ್ಷಿಸಿ ಬಂದ ವೈದ್ಯರ ಕೈಗಳೇ ಇದಕ್ಕೆ ಕಾರಣವೆಂದು ಅವನು ಕಂಡುಕೊಂಡು, ೧೮೪೭ರ ಮೇ ತಿಂಗಳಲ್ಲಿ ಕ್ಲೋರಿನ್ ಬೆರೆತ ಸುಣ್ಣದ ನೀರಿನಿಂದ ಎಲ್ಲರೂ ಕೈ ತೊಳೆಯಬೇಕೆಂದು ಕಟ್ಟುಮಾಡಿದನು. ಆ ಏಪ್ರಿಲಿನಲ್ಲಿ ನೂರಕ್ಕೆ ಹದಿನೆಂಟರಷ್ಟಿದ್ದ ಸಾವು ಜೂನಿನಲ್ಲಿ ಎರಡಕ್ಕಿಳಿಯಿತು. ಇದಕ್ಕಿಂತ ಹೆಚ್ಚಿನ ಪ್ರಮಾಣವನ್ನು ಯಾರು ಕೇಳಿಯಾರು? ಆದರೂ ಜಗತ್ತು ಒಪ್ಪಲಿಲ್ಲ. ಒಪ್ಪದವರ ಅಹಂಕಾರವನ್ನು ನಾನು ಸಮರ್ಥಿಸುವುದಿಲ್ಲ; ತಮ್ಮ ಕೈಯಿಂದಲೇ ರೋಗಿಯು ಸತ್ತಳೆಂಬುದನ್ನು ಯಾವ ವೈದ್ಯನು ಸುಲಭವಾಗಿ ಒಪ್ಪಿಯಾನು? ಆದರೆ ಸೆಮ್ಮೆಲ್‌ವೈಸನು ತನ್ನ ಮಾತನ್ನು ಅವರಿಗೆ ಮುಟ್ಟಿಸುವ ಕೆಲಸವನ್ನೇ ಕೆಲಸವೆಂದು ಎಣಿಸಲಿಲ್ಲ. ಗ್ರಂಥ ಬರೆಯಲು ಹದಿನಾಲ್ಕು ವರ್ಷ ತಡೆದನು. ೧೮೫೦ರಲ್ಲಿ ತನಗೆ ಬೆಂಬಲವಾಗಿದ್ದ ಸ್ನೇಹಿತರಿಗೂ ಹೇಳದೆ ವಿಯೆನ್ನಾವನ್ನು ಬಿಟ್ಟುಹೋದನು. ಕಡೆಗೆ ವಿರೋಧಿಗಳಿಗೆ ಬಹಿರಂಗ ಪತ್ರಗಳನ್ನು ಬರೆದು ಅವರನ್ನು ಕೊಲೆಗಾರರೆಂದು ಕರೆದನು. ೧೮೬೫ರಲ್ಲಿ, ತನ್ನ ನಲವತ್ತೇಳನೆಯ ವಯಸ್ಸಿನಲ್ಲಿ, ಹುಚ್ಚಾಸ್ಪತ್ರೆಯೊಂದರಲ್ಲಿ ತೀರಿಕೊಂಡನು. ಅವನು ಮೊದಲು ಕೈ ತೊಳೆಸಿದ ದಿನಕ್ಕೂ ಎಲ್ಲೆಡೆ ವೈದ್ಯರು ಕೈ ತೊಳೆಯಲು ಕಲಿತ ದಿನಕ್ಕೂ ನಡುವೆ ಸತ್ತ ತಾಯಂದಿರನ್ನು ಎಣಿಸಿದವರಿಲ್ಲ.

ಸೆಮ್ಮೆಲ್‌ವೈಸನದು ಒಬ್ಬ ಮನುಷ್ಯನ ಸ್ವಭಾವದ ಕಥೆಯೆಂದು ಯಾರಾದರೂ ತಳ್ಳಿಹಾಕಬಹುದು. ಆದುದರಿಂದ ಒಂದು ವೃತ್ತಿಯವರೆಲ್ಲರೂ ಕೂಡಿ ಈ ಪಾಠವನ್ನು ಕಲಿತ ಬಗೆಯನ್ನು ಹೇಳುತ್ತೇನೆ. ಅವರು ವೈಮಾನಿಕರು. ಯಂತ್ರಜ್ಞಾನವೇ ಸರ್ವಸ್ವವೆಂದು ನಾವು ಭಾವಿಸುವ ವೃತ್ತಿ ಅದು.

೧೯೭೮ನೆಯ ಡಿಸೆಂಬರ್ ೨೮ರ ಸಂಜೆ ಅಮೆರಿಕದ ಪೋರ್ಟ್‌ಲ್ಯಾಂಡ್ ನಗರಕ್ಕೆ ಯುನೈಟೆಡ್ ಕಂಪೆನಿಯ ವಿಮಾನವೊಂದು ೧೮೯ ಜನರನ್ನು ಹೊತ್ತು ಬರುತ್ತಿತ್ತು. ಆ ಕಾಲದ ದೊಡ್ಡ ವಿಮಾನಗಳ ಮುಂಗೋಣೆಯಲ್ಲಿ ಮೂವರು ಕುಳಿತಿರುತ್ತಿದ್ದರು: ಕ್ಯಾಪ್ಟನ್, ಸಹವೈಮಾನಿಕ, ಮತ್ತು ಎಂಜಿನು ಇಂಧನಗಳ ಲೆಕ್ಕವನ್ನು ನೋಡಿಕೊಳ್ಳುವ ಫ್ಲೈಟ್ ಎಂಜಿನಿಯರು. ಈ ಕ್ಯಾಪ್ಟನ್ನನು ಇಪ್ಪತ್ತೇಳು ಸಾವಿರ ಗಂಟೆಗಳಿಗೂ ಹೆಚ್ಚು ಕಾಲ ಹಾರಾಡಿದ ಅನುಭವಿ. ಇಳಿಯಲೆಂದು ಗಾಲಿಗಳನ್ನು ಕೆಳಬಿಟ್ಟಾಗ ದೊಡ್ಡದೊಂದು ಸದ್ದಾಯಿತು. ಗಾಲಿಯು ಸರಿಯಾಗಿ ಕೂತಿದೆಯೆಂದು ತೋರಿಸುವ ದೀಪಗಳಲ್ಲಿ ಒಂದು ಹೊತ್ತಲಿಲ್ಲ. ವಿಷಯವನ್ನು ವಿಚಾರಿಸಿ, ಪ್ರಯಾಣಿಕರನ್ನು ಸಿದ್ಧಪಡಿಸಿ ಇಳಿಯೋಣವೆಂದು ಕ್ಯಾಪ್ಟನ್ನನು ವಿಮಾನವನ್ನು ಊರಿನ ಸಮೀಪದಲ್ಲಿಯೇ ಸುತ್ತಿಸತೊಡಗಿದನು. ಆ ವಿಚಾರಣೆಯಲ್ಲಿ ಅವನ ಮನಸ್ಸು ಪೂರ್ತಿ ಮುಳುಗಿಹೋಯಿತು. ಸುಮಾರು ಒಂದು ಗಂಟೆ ಹೀಗೆ ಕಳೆಯಿತು.

ಇಂಧನದ ಮುಳ್ಳು ಇಳಿಯುತ್ತಿದ್ದುದನ್ನು ಫ್ಲೈಟ್ ಎಂಜಿನಿಯರು ಕಂಡನು, ಸಹವೈಮಾನಿಕನೂ ಕಂಡನು. ಇನ್ನೂ ಹದಿನೈದು ನಿಮಿಷ ತಿರುಗಬಹುದೆಂದು ಕ್ಯಾಪ್ಟನ್ನನು ಎಣಿಸಿದಾಗ, ಅಷ್ಟು ಹೊತ್ತಾದರೆ ಇಂಧನವು ಬಹಳ ಕಡಮೆಯಾಗುತ್ತದೆಂದು ಎಂಜಿನಿಯರು ಹೇಳಿದನು. ಹೇಳಿದನು, ನಿಜ. ಆದರೆ ಆ ಮಾತು ಸೂಚನೆಯಾಗಿಯೇ ಉಳಿಯಿತು. ‘ಈಗಲೇ ಇಳಿಯದಿದ್ದರೆ ನಾವು ಬೀಳುತ್ತೇವೆ’ ಎಂಬ ವಾಕ್ಯವನ್ನು ಆ ಕೋಣೆಯಲ್ಲಿ ಯಾರೂ ಸಕಾಲದಲ್ಲಿ ಆಡಲಿಲ್ಲ. ನಾಲ್ಕು ಎಂಜಿನುಗಳೂ ಒಂದಾದ ಮೇಲೊಂದು ನಿಂತುಹೋದವು. ವಿಮಾನವು ನಿಲ್ದಾಣಕ್ಕೆ ಕೆಲವು ಮೈಲಿಗಳ ಈಚೆ ಮರಗಳ ನಡುವೆ ಬಿದ್ದಿತು. ಉರಿಯಲು ಇಂಧನವೇ ಇರಲಿಲ್ಲವಾದುದರಿಂದ ಬೆಂಕಿ ಹತ್ತಲಿಲ್ಲ. ಸತ್ತವರು ಹತ್ತು ಮಂದಿ. ಆ ಹತ್ತರಲ್ಲಿ, ಮುಳ್ಳು ಇಳಿಯುತ್ತಿದ್ದುದನ್ನು ನೋಡುತ್ತಿದ್ದ ಫ್ಲೈಟ್ ಎಂಜಿನಿಯರನೂ ಒಬ್ಬನು.

ಈ ವೃತ್ತಾಂತವನ್ನು ಮೊದಲು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಏಕೆಂದರೆ ಆ ಕ್ಯಾಪ್ಟನ್ನನ ಜಾಗದಲ್ಲಿ ನಾನು ಒಮ್ಮೆ ಕುಳಿತಿದ್ದೆನು.

ಮಲೆನಾಡಿನ ಅಂಚಿನ ಒಂದು ಊರಿನಲ್ಲಿ ನಾನು ಪ್ರೌಢಶಾಲೆಯ ಮುಖ್ಯೋಪಾಧ್ಯಾಯನಾಗಿದ್ದ ಕಾಲ. ಎಂಟನೆಯ ತರಗತಿಯ ಕೋಣೆಗೆ ಹಳೆಯ ಮಣ್ಣಿನ ಗೋಡೆ. ನಮ್ಮ ಶಾಲೆಯ ಜವಾನನು ಹಿಂದೆ ಹತ್ತು ವರ್ಷ ಗಾರೆ ಕೆಲಸ ಮಾಡಿ ಬಂದವನು. ಗೋಡೆಗಳ ವಿಷಯ ನನಗಿಂತ ನೂರು ಪಾಲು ಬಲ್ಲವನು. ಆ ವರ್ಷ ಮಳೆ ಹಿಡಿದು ಹದಿನೈದು ದಿನವಾಗಿತ್ತು. ಒಂದು ಮಧ್ಯಾಹ್ನ ಅವನು ಹಾಜರಿ ಪುಸ್ತಕವನ್ನು ಮೇಜಿನ ಮೇಲಿಟ್ಟು, ಹೋಗದೆ ಅಲ್ಲಿಯೇ ನಿಂತು, “ಸ್ವಾಮಿ, ಈ ಸಲ ಮಳೆ ಜೋರಾಯಿತು. ಎಂಟನೇ ಕ್ಲಾಸಿನ ಗೋಡೆ ಬೆವತ ಹಾಗೆ ಕಾಣುತ್ತದೆ” ಎಂದನು. ನಾನು ಸಂಬಳದ ಬಿಲ್ಲಿನ ಲೆಕ್ಕದಲ್ಲಿದ್ದೆನು. “ಮಳೆಗಾಲದಲ್ಲಿ ಬೆವರದ ಗೋಡೆ ಯಾವುದಪ್ಪಾ?” ಎಂದೆನು. ಅವನು ನಕ್ಕನು; ನಾನೂ ನಕ್ಕೆನು. ಮರುದಿನ ಮತ್ತೆ ಬಂದು, “ಮಕ್ಕಳನ್ನು ಎರಡು ದಿನ ಜಗಲಿಯಲ್ಲಿ ಕೂರಿಸಿದರೆ ಹೇಗೆ, ಸ್ವಾಮಿ?” ಎಂದು ಕೇಳಿದನು. ಗಲಾಟೆಯಾಗಿ ಪಕ್ಕದ ತರಗತಿಗೆ ತೊಂದರೆಯೆಂದೆನು. ಅವನು “ಹಾಗೇ ಆಗಲಿ” ಎಂದು ಹೋದನು.

ಶನಿವಾರ ರಾತ್ರಿ ಗೋಡೆ ಬಿದ್ದಿತು. ಬಿದ್ದುದು ಒಳಮುಖವಾಗಿ, ಎರಡು ಸಾಲು ಬೆಂಚುಗಳು ಮಣ್ಣಿನಡಿಯಲ್ಲಿ ಹುಡಿಯಾಗಿದ್ದವು. ಆ ಬೆಳಿಗ್ಗೆ ಅಲ್ಲಿ ಹದಿನಾರು ಮಕ್ಕಳು ಕುಳಿತು ನನ್ನಿಂದಲೇ ಸಂಸ್ಕೃತದ ಸಂಧಿಗಳನ್ನು ಕಲಿತುಹೋಗಿದ್ದರು. ಇಲಾಖೆಗೆ ಬರೆದ ವರದಿಯಲ್ಲಿ ‘ಅತಿವೃಷ್ಟಿಯ ಕಾರಣ’ ಎಂದು ನಮೂದಿಸಿದೆನು. ನನಗೆ ಎರಡು ಸಲ ತಿಳಿಸಲ್ಪಟ್ಟಿತ್ತೆಂಬುದನ್ನು ಆ ಕಾಗದದಲ್ಲಿ ಬರೆಯಲಿಲ್ಲ. ಇಂದು ಇಲ್ಲಿ ಬರೆಯುತ್ತಿದ್ದೇನೆ.

ತಪ್ಪು ಅವನದೋ ನನ್ನದೋ ಎಂದು ಬಹಳ ದಿನ ಯೋಚಿಸಿದ್ದೇನೆ. ಗೋಡೆಯ ಜ್ಞಾನ ಅವನಲ್ಲಿತ್ತು. ಮಕ್ಕಳನ್ನು ಎಬ್ಬಿಸುವ ಅಧಿಕಾರ ನನ್ನಲ್ಲಿತ್ತು. ಎರಡರ ನಡುವೆ ಒಂದು ಮೇಜು ಮಾತ್ರ. ಆ ಮೇಜನ್ನು ದಾಟಿಸಬೇಕಾದ ಮಾತು ಅವನ ಬಾಯಲ್ಲಿ ಅರ್ಧ ಸತ್ತಿತು, ನನ್ನ ಕಿವಿಯಲ್ಲಿ ಇನ್ನರ್ಧ. ದೊಡ್ಡವರ ಮುಂದೆ ಗಟ್ಟಿಯಾಗಿ ಮಾತನಾಡಬಾರದೆಂದು ಅವನಿಗೆ ಯಾರು ಕಲಿಸಿದರು? ನನ್ನಂತಹ ಮೇಷ್ಟರುಗಳೇ ಅಲ್ಲವೆ? ತರಗತಿಯಲ್ಲಿ ಸುಮ್ಮನಿದ್ದ ಹುಡುಗನನ್ನು ವಿನೀತನೆಂದು ಹೊಗಳಿ, ಪ್ರಶ್ನೆ ಕೇಳಿದವನನ್ನು ಅಧಿಕಪ್ರಸಂಗಿಯೆಂದು ಕೂರಿಸಿದ ದಿನಗಳು ನನಗೆ ಬೇಕಾದಷ್ಟು ನೆನಪಿವೆ.

ಪೋರ್ಟ್‌ಲ್ಯಾಂಡಿನ ದುರಂತವನ್ನು ವಿಚಾರಿಸಿದ ಸರಕಾರದ ಮಂಡಲಿಯು ಯಂತ್ರದ ಮೇಲೆ ತಪ್ಪು ಹೊರಿಸಿ ಸುಮ್ಮನಾಗಲಿಲ್ಲ. ಕ್ಯಾಪ್ಟನ್ನರು ಸಹಾಯಕರ ಮಾತಿಗೆ ಎಡೆಗೊಡುವುದನ್ನು ಕಲಿಯಬೇಕು, ಸಹಾಯಕರು ದೃಢವಾಗಿ ಹೇಳುವುದನ್ನು ಕಲಿಯಬೇಕು ಎಂದು ಸೂಚಿಸಿತು. ೧೯೭೯ರಲ್ಲಿ ನಾಸಾ ಸಂಸ್ಥೆಯವರು ಈ ವಿಷಯದ ಮೇಲೆ ಒಂದು ಗೋಷ್ಠಿಯನ್ನು ನಡೆಸಿದರು; ೧೯೮೧ರಲ್ಲಿ ಯುನೈಟೆಡ್ ಕಂಪೆನಿಯವರೇ ತಮ್ಮ ವೈಮಾನಿಕರಿಗೆ ಇದನ್ನು ಕಲಿಸಲಾರಂಭಿಸಿದರು. ಹಳೆಯ ವೈಮಾನಿಕರು ನಕ್ಕರು. ಹೆಣ್ಣುಮಕ್ಕಳಿಗೆ ನಯನಾಜೂಕು ಕಲಿಸುವ ಶಾಲೆಗೆ ನಮ್ಮನ್ನು ಕಳುಹಿಸುತ್ತಾರೆಂದು ಅಣಕಿಸಿದರು. ನಮ್ಮ ಗೃಹಸ್ಥರ ಸಂಶಯವೂ ಇದೇ ಜಾತಿಯದು.

ಆದರೆ ಅಲ್ಲಿ ಕಲಿಸುವುದರಲ್ಲಿ ನಾಜೂಕು ಬಹಳ ಕಡಮೆ. ಕೆಳಗಿನವನು ಮಾತನಾಡುವ ಕ್ರಮ ಹೀಗೆ: ಮೊದಲು ಮೇಲಿನವನನ್ನು ಸಂಬೋಧಿಸಿ ಅವನ ಗಮನವನ್ನು ಸೆಳೆಯಬೇಕು, ತನಗೆ ಆತಂಕವಾಗಿದೆಯೆಂದು ಹೇಳಬೇಕು, ಕಂಡ ಸಂಗತಿಯನ್ನು ಅಳತೆಯೊಡನೆ ಹೇಳಬೇಕು, ಏನು ಮಾಡಬೇಕೆಂಬುದನ್ನೂ ತಾನೇ ಸೂಚಿಸಬೇಕು, ಕಡೆಗೆ ‘ಒಪ್ಪುತ್ತೀರಾ?’ ಎಂದು ಕೇಳಿ ಉತ್ತರ ಬರುವವರೆಗೆ ಬಿಡಬಾರದು. ಮೇಲಿನವನಿಗೂ ಪಾಠವುಂಟು. ನಿರ್ಧಾರವನ್ನು ಹೇಳುವ ಮೊದಲು ಉಳಿದವರ ಅಭಿಪ್ರಾಯವನ್ನು ಕೇಳಬೇಕು. ಏಕೆಂದರೆ ಯಜಮಾನನು ಬಾಯಿಬಿಟ್ಟ ಮೇಲೆ ಉಳಿದವರ ಅಭಿಪ್ರಾಯಗಳೆಲ್ಲವೂ ಅವನದನ್ನೇ ಹೋಲತೊಡಗುತ್ತವೆ. (ನಮ್ಮ ಮನೆಗಳಲ್ಲಿ ಹೆಣ್ಣು ನೋಡುವ ಸಂದರ್ಭವನ್ನು ನೆನೆದುಕೊಂಡರೆ ಇದಕ್ಕೆ ವ್ಯಾಖ್ಯಾನ ಬೇಕಾಗದು.) ನನ್ನ ಜವಾನನಿಗೆ ಈ ಕ್ರಮ ಗೊತ್ತಿದ್ದರೆ, “ಸ್ವಾಮಿ, ಇಲ್ಲಿ ನೋಡಿ. ನನಗೆ ಭಯವಾಗಿದೆ. ಗೋಡೆಯ ಬುಡ ಒಂದು ಗೇಣು ನೆನೆದು ಉಬ್ಬಿದೆ. ಮಕ್ಕಳನ್ನು ಈಗಲೇ ಎಬ್ಬಿಸಬೇಕು. ಎಬ್ಬಿಸಲೇ?” ಎಂದಿರುತ್ತಿದ್ದನು. ಇದರಲ್ಲಿ ಅವಿನಯ ಎಲ್ಲಿದೆ?

ಈ ಶಿಕ್ಷಣಕ್ಕೆ ಫಲ ಬಂದುದು ೧೯೮೯ನೆಯ ಜುಲೈ ೧೯ರಂದು. ಅದೇ ಕಂಪೆನಿಯ ಇನ್ನೊಂದು ವಿಮಾನ, ಒಳಗೆ ೨೯೬ ಜನ. ಮೂವತ್ತೇಳು ಸಾವಿರ ಅಡಿಯ ಎತ್ತರದಲ್ಲಿ ಬಾಲದ ಎಂಜಿನಿನ ಚಕ್ರವು ಸಿಡಿದು, ಅದರ ಚೂರುಗಳು ವಿಮಾನವನ್ನು ತಿರುಗಿಸುವ ತೈಲದ ಮೂರು ಕೊಳವೆಜಾಲಗಳನ್ನೂ ಕಡಿದುಹಾಕಿದವು. ಚುಕ್ಕಾಣಿಯಿಲ್ಲದ ಹಡಗಿನಂತಾಯಿತು. ಇಂತಹ ಆಪತ್ತಿಗೆ ಯಾವ ಪುಸ್ತಕದಲ್ಲಿಯೂ ವಿಧಾನವಿರಲಿಲ್ಲ. ಕ್ಯಾಪ್ಟನ್ ಆಲ್ ಹೇನ್ಸ್ ಎಂಬವನು ತನಗೆ ತಿಳಿಯದೆಂಬುದನ್ನು ಮರೆಮಾಡಲಿಲ್ಲ. ಪ್ರಯಾಣಿಕನಾಗಿ ಕುಳಿತಿದ್ದ ಡೆನಿಸ್ ಫಿಚ್ ಎಂಬ ವೈಮಾನಿಕ ಶಿಕ್ಷಕನು ನೆರವಾಗಲೇ ಎಂದು ಕೇಳಿಕಳುಹಿಸಿದಾಗ ಕೂಡಲೆ ಒಳಗೆ ಕರೆಸಿಕೊಂಡನು. ಫಿಚ್ಚನು ಆಸನಗಳ ನಡುವೆ ನೆಲದಲ್ಲಿ ಮಂಡಿಯೂರಿ, ಉಳಿದ ಎರಡು ಎಂಜಿನುಗಳ ವೇಗವನ್ನು ಹೆಚ್ಚು ಕಡಮೆ ಮಾಡುತ್ತ ವಿಮಾನವನ್ನು ನಡೆಸಿದನು. ೧೯೮೫ರಲ್ಲಿ ಜಪಾನಿನಲ್ಲಿ ನಡೆದ ಇಂತಹುದೇ ಒಂದು ದುರಂತವನ್ನು ಓದಿ, ಹೀಗೆ ನಡೆಸಲಾದೀತೆ ಎಂದು ಮೊದಲೇ ಅಭ್ಯಾಸಯಂತ್ರದಲ್ಲಿ ಪ್ರಯತ್ನಿಸಿದ್ದವನು ಅವನು. ಸುಮಾರು ಮುಕ್ಕಾಲು ಗಂಟೆ ನಾಲ್ವರೂ ಒಬ್ಬರಿಗೊಬ್ಬರು ಸಲಹೆ ಕೊಡುತ್ತ, ಕೇಳುತ್ತ, ಸೂ ಸಿಟಿ ಎಂಬಲ್ಲಿಯ ನಿಲ್ದಾಣದವರೆಗೆ ವಿಮಾನವನ್ನು ತಂದರು. ಇಳಿಯುವಾಗ ರೆಕ್ಕೆ ತಗುಲಿ ಅದು ಮುರಿದುಬಿದ್ದಿತು. ೧೧೨ ಮಂದಿ ಸತ್ತರು, ೧೮೪ ಮಂದಿ ಬದುಕಿದರು. ಅದೇ ಸ್ಥಿತಿಯನ್ನು ಆಮೇಲೆ ಅಭ್ಯಾಸಯಂತ್ರದಲ್ಲಿ ಹುಟ್ಟಿಸಿ ನೋಡಿದಾಗ ನುರಿತ ವೈಮಾನಿಕರಿಗೂ ವಿಮಾನವನ್ನು ಸುರಕ್ಷಿತವಾಗಿ ಇಳಿಸುವುದು ಸಾಧ್ಯವಾಗಲಿಲ್ಲ. ೨೦೧೯ರಲ್ಲಿ ತೀರಿಕೊಂಡ ಹೇನ್ಸನು ಬದುಕಿರುವಷ್ಟು ಕಾಲವೂ ಇದರ ಕೀರ್ತಿಯನ್ನು ತಾನೊಬ್ಬನೇ ಹೊರಲು ಒಪ್ಪದೆ, ಕಂಪೆನಿಯು ಕೊಟ್ಟ ಆ ಶಿಕ್ಷಣವನ್ನೇ ಹೆಸರಿಸುತ್ತಿದ್ದನು.

ಇಲ್ಲಿ ಫಿಚ್ಚನ ಯಂತ್ರಜ್ಞಾನವನ್ನು ಬಿಟ್ಟು ಹೇನ್ಸನ ಸೌಜನ್ಯವನ್ನು ಮಾತ್ರ ಹೊಗಳುವವನು ಕಥೆಯನ್ನು ಓದಿಯೇ ಇಲ್ಲ. ಕೈಗೆ ಕಸುಬು ಬಾರದವನು ಎಷ್ಟು ಸವಿಯಾಗಿ ಮಾತನಾಡಿದರೂ ವಿಮಾನ ಇಳಿಯದು. ಪೇಟೆಯ ಆರು ವಾರದ ಶಾಲೆಗಳ ವಿಷಯದಲ್ಲಿ ನನಗಿರುವ ಅಂಜಿಕೆ ಇದೇ. ಅಲ್ಲಿ ಮಾತಿಗೆ ಹೊಳಪು ಕೊಡುತ್ತಾರೆ; ಆ ಹೊಳಪು ಒಳಗಿನ ಅಜ್ಞಾನವನ್ನು ಮುಚ್ಚುವುದಕ್ಕೂ ಅಷ್ಟೇ ಚೆನ್ನಾಗಿ ಒದಗುತ್ತದೆ. ‘ನನಗೆ ಗೊತ್ತಿಲ್ಲ’ ಎಂದು ಹೇಳಲು ಆ ಶಾಲೆಗಳಲ್ಲಿ ಕಲಿಸುತ್ತಾರೋ ಇಲ್ಲವೋ ವಿಚಾರಿಸಿ ನೋಡಬೇಕು.

ಇನ್ನು ಶಬ್ದದ ವಿಷಯ. ವ್ಯಾಕರಣ ಓದಿದವನಿಗೆ ಇದು ಪ್ರಿಯವಾದ ಭಾಗವಾದುದರಿಂದ ಎರಡು ಮಾತು ಹೆಚ್ಚಾಗಿ ಹೇಳಿದರೆ ಕ್ಷಮಿಸಬೇಕು. ೧೯೯೦ನೆಯ ಜನವರಿ ೨೫ರಂದು ಕೊಲಂಬಿಯಾ ದೇಶದ ಅವಿಯಾಂಕಾ ಕಂಪೆನಿಯ ವಿಮಾನವು ನ್ಯೂಯಾರ್ಕಿಗೆ ಬಂದಾಗ ಹವೆ ಕೆಟ್ಟಿತ್ತು. ಮೂರು ಸಲವಾಗಿ ಒಟ್ಟು ಒಂದು ಗಂಟೆ ಹದಿನೇಳು ನಿಮಿಷ ಅದನ್ನು ಆಕಾಶದಲ್ಲಿ ಕಾಯಿಸಿದರು. ಸಹವೈಮಾನಿಕನು ನಿಲ್ದಾಣದವರಿಗೆ ಇಂಗ್ಲಿಷಿನಲ್ಲಿ, ತಮಗೆ ಆದ್ಯತೆ ಬೇಕು, ಇಂಧನ ಮುಗಿಯುತ್ತಿದೆ ಎಂದು ತಿಳಿಸಿದನು. ಕ್ಯಾಪ್ಟನ್ನನು ತಮ್ಮ ಭಾಷೆಯಲ್ಲಿ, ‘ಎಮರ್ಜೆನ್ಸಿ ಎಂದು ಹೇಳು’ ಎಂದು ಆಜ್ಞಾಪಿಸಿದನು, ಸಹವೈಮಾನಿಕನು ಹೇಳಿದೆನೆಂದನು. ಆದರೆ ಆ ಒಂದು ಶಬ್ದವನ್ನು ಅವನು ಉಚ್ಚರಿಸಿರಲಿಲ್ಲ. ನಿಲ್ದಾಣದವರ ನಿಘಂಟಿನಲ್ಲಿ ಎಲ್ಲರನ್ನೂ ಸರಿಸಿ ದಾರಿ ಬಿಡಿಸತಕ್ಕ ಶಬ್ದ ಅದೊಂದೇ. ಇಂಧನ ಕಡಮೆಯೆಂಬ ಮಾತನ್ನು ಅವರು ಬರುವ ವಿಮಾನಗಳಿಂದ ಆಗಾಗ ಕೇಳುತ್ತಲೇ ಇರುತ್ತಾರೆ. ವಿಮಾನವು ಬಿದ್ದು, ೧೫೮ ಜನರಲ್ಲಿ ೭೩ ಮಂದಿ ತೀರಿಕೊಂಡರು. ಪರ್ಯಾಯಪದಗಳೆಲ್ಲವೂ ಒಂದೇ ಅರ್ಥವನ್ನು ಕೊಡುತ್ತವೆಂದು ಮಕ್ಕಳಿಗೆ ಕಲಿಸುವಾಗ ನಾನು ಈಗ ಸ್ವಲ್ಪ ತಡೆಯುತ್ತೇನೆ.

ಇವೆಲ್ಲ ಪರದೇಶದ ಮಾತಾದವು. ನಮ್ಮ ಮನೆಯ ಬಾಗಿಲಿನದನ್ನು ಹೇಳಲು ಕೈ ನಡುಗುತ್ತದೆ. ಇದನ್ನು ಓದುವವರಲ್ಲಿ ಆ ದಿನ ತಮ್ಮವರನ್ನು ಕಳೆದುಕೊಂಡವರೂ ಇರಬಹುದು. ೨೦೧೦ನೆಯ ಮೇ ೨೨ರ ಬೆಳಿಗ್ಗೆ ದುಬೈಯಿಂದ ಮಂಗಳೂರಿಗೆ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ೧೬೬ ಜನರೊಡನೆ ಬಂದಿತು. ಮಂಗಳೂರಿನ ನಿಲ್ದಾಣ ಗುಡ್ಡದ ನೆತ್ತಿಯ ಮೇಲಿರುವುದು. ರನ್‌ವೇ ಮುಗಿದಲ್ಲಿ ಕಮರಿ. ಕ್ಯಾಪ್ಟನ್ನನು ಅನುಭವಶಾಲಿ, ಆದರೆ ದಾರಿಯಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಕಾಲ ನಿದ್ರಿಸಿ ಎದ್ದಿದ್ದನು. ವಿಮಾನವು ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿಯೇ ರನ್‌ವೇಯನ್ನು ಸಮೀಪಿಸಿತು. ಸಹವೈಮಾನಿಕನು ಇದನ್ನು ಕಂಡನು. ಇಳಿಯಬಾರದು, ಮತ್ತೆ ಮೇಲೇರಬೇಕು ಎಂಬರ್ಥದ ‘ಗೋ ಅರೌಂಡ್’ ಎಂಬ ಮಾತನ್ನು ಒಂದಲ್ಲ, ಮೂರು ಸಲ ಹೇಳಿದನು. ಕ್ಯಾಪ್ಟನ್ನನು ಇಳಿಸಿಯೇ ಬಿಟ್ಟನು. ರನ್‌ವೇಯ ಅರ್ಧಕ್ಕಿಂತ ಹೆಚ್ಚು ಭಾಗ ಹಿಂದಾದ ಮೇಲೆ ಗಾಲಿಗಳು ನೆಲ ಮುಟ್ಟಿದವು. ವಿಮಾನವು ಕಮರಿಗೆ ಉರುಳಿ ಉರಿದುಹೋಯಿತು. ಬದುಕಿದವರು ಎಂಟು ಮಂದಿ. ೧೫೮ ಜನ ಸತ್ತರು.

ಪೋರ್ಟ್‌ಲ್ಯಾಂಡಿನಲ್ಲಿ ಮಾತು ಅರ್ಧವಾಗಿತ್ತು, ನ್ಯೂಯಾರ್ಕಿನಲ್ಲಿ ಶಬ್ದ ತಪ್ಪಿತ್ತು. ಮಂಗಳೂರಿನಲ್ಲಿ ಶಬ್ದ ಸರಿಯಾಗಿತ್ತು, ಸ್ಪಷ್ಟವಾಗಿತ್ತು, ಮೂರಾವರ್ತಿ ಬಂದಿತ್ತು. ಕಿವಿ ತೆರೆಯಲಿಲ್ಲ. ಮೇಲಿನವನು ಕೇಳದೆಹೋದಾಗ ಸಹವೈಮಾನಿಕನು ತಾನೇ ಚುಕ್ಕಾಣಿಯನ್ನು ಕೈಗೆ ತೆಗೆದುಕೊಳ್ಳಬಹುದೆ ಎಂಬ ಬಗ್ಗೆ ಆಗಿನ ನಿಯಮಗಳಲ್ಲಿ ಸ್ಪಷ್ಟತೆಯಿರಲಿಲ್ಲವೆಂಬುದನ್ನೂ ವಿಚಾರಣಾ ನ್ಯಾಯಾಲಯವು ತನ್ನ ವರದಿಯಲ್ಲಿ ಎತ್ತಿಹೇಳಿತು. ಆದುದರಿಂದ ಮಾತನಾಡುವುದನ್ನು ಕೆಳಗಿನವರಿಗೆ ಮಾತ್ರ ಕಲಿಸಿ, ಕೇಳುವುದನ್ನು ಮೇಲಿನವರಿಗೆ ಕಲಿಸದ ಶಾಲೆಗೆ ನಾನು ಅರ್ಧ ಅಂಕವನ್ನೇ ಕೊಡುತ್ತೇನೆ. ಕೆಲಸಕ್ಕೆ ಸೇರುವ ಹುಡುಗನನ್ನು ಎದುರಿಗೆ ಕೂರಿಸಿ ಪರೀಕ್ಷಿಸುವವರು ಅವನಿಗೆ ಮಾತು ಬರುತ್ತದೆಯೆ ಎಂದು ನೋಡುತ್ತಾರೆ. ಇಪ್ಪತ್ತು ವರ್ಷದ ಮೇಲೆ ಅವನೇ ಯಜಮಾನನಾದಾಗ ಅವನ ಕಿವಿಯನ್ನು ಯಾರೂ ಪರೀಕ್ಷಿಸುವುದಿಲ್ಲ.

ವೈಮಾನಿಕರಿಂದ ಈ ವಿದ್ಯೆಯನ್ನು ಶಸ್ತ್ರವೈದ್ಯರೂ ಎರವಲು ಪಡೆದರು. ವಿಶ್ವ ಆರೋಗ್ಯ ಸಂಸ್ಥೆಯು ೨೦೦೮ರಲ್ಲಿ ಶಸ್ತ್ರಚಿಕಿತ್ಸೆಗೆ ಮೊದಲು ಓದಿ ಗುರುತು ಹಾಕತಕ್ಕ ಒಂದು ಪಟ್ಟಿಯನ್ನು ಹೊರಡಿಸಿತು. ಅದರಲ್ಲಿ ಕೋಣೆಯಲ್ಲಿರುವವರೆಲ್ಲರೂ ತಮ್ಮ ಹೆಸರನ್ನೂ ಕೆಲಸವನ್ನೂ ಬಾಯಿಬಿಟ್ಟು ಹೇಳಿಕೊಳ್ಳಬೇಕೆಂಬುದೂ ಒಂದು ಅಂಶ. ಮೊದಲು ನಗು ಬರುತ್ತದೆ. ಆದರೆ ಒಮ್ಮೆ ತನ್ನ ಹೆಸರನ್ನು ಹೇಳಿದ ದಾದಿಯು, ಆಮೇಲೆ ವೈದ್ಯನು ತಪ್ಪುವುದನ್ನು ಕಂಡಾಗ, ಎರಡನೆಯ ಸಲ ಬಾಯಿ ತೆರೆಯಲು ಅಷ್ಟು ಹಿಂಜರಿಯುವುದಿಲ್ಲ. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಈ ಪಟ್ಟಿಯನ್ನು ಬಳಸಿ ನೋಡಿದಾಗ ಸಾವಿನ ಪ್ರಮಾಣವು ನೂರಕ್ಕೆ ೧.೫ರಿಂದ ೦.೮ಕ್ಕೆ ಇಳಿಯಿತೆಂದು ೨೦೦೯ರಲ್ಲಿ ಪ್ರಕಟವಾಯಿತು. ಇದನ್ನು ಕೇಳಿ ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ ಎಲ್ಲ ಆಸ್ಪತ್ರೆಗಳಿಗೂ ಕಡ್ಡಾಯ ಮಾಡಿದರು. ೧೦೧ ಆಸ್ಪತ್ರೆಗಳ ಲೆಕ್ಕವು ೨೦೧೪ರಲ್ಲಿ ಹೊರಬಂದಾಗ ಅಂತಹ ಲಾಭವೇನೂ ಕಾಣಲಿಲ್ಲ. ಮನಸ್ಸಿಟ್ಟು ಮಾಡಿದ ಕಡೆ ಫಲಿಸಿತು, ಗುರುತು ಹಾಕಿ ಕಡತಕ್ಕೆ ಸೇರಿಸಿದ ಕಡೆ ಫಲಿಸಲಿಲ್ಲವೆಂದು ನನಗೆ ತೋರುತ್ತದೆ. ಸಂಧ್ಯಾವಂದನೆಯ ವಿಷಯದಲ್ಲಿ ನಮ್ಮ ತಂದೆಯವರು ನನಗೆ ಇದನ್ನೇ ಹೇಳುತ್ತಿದ್ದರು.

ನಮ್ಮ ಗೃಹಸ್ಥರ ಮಗನನ್ನು ಮೊನ್ನೆ ಮತ್ತೆ ಕರೆಸಿದೆನು. ಅವನು ಕಾಲೇಜಿನಲ್ಲಿ ಕಡೆಯ ವರ್ಷ ಮಾಡಿದ ಕೆಲಸವನ್ನು, ಅಡಿಗೆಮನೆಯಲ್ಲಿ ಹೀರೆಕಾಯಿ ಹೆಚ್ಚುತ್ತಿದ್ದ ನನ್ನ ಹೆಂಡತಿಗೆ ವಿವರಿಸಿ ಹೇಳಬೇಕೆಂದೆನು. ಅದು ನೀರಿನ ಪಂಪಿಗೆ ಸಂಬಂಧಪಟ್ಟದ್ದು. ಐದು ನಿಮಿಷ ಅವನು ಇಂಗ್ಲಿಷ್ ಶಬ್ದಗಳಲ್ಲಿ ಒದ್ದಾಡಿದನು. ಆಕೆಯು ಕತ್ತಿಯನ್ನು ಕೆಳಗಿಟ್ಟು, “ಅಂದರೆ ಬಾವಿಯಲ್ಲಿ ನೀರು ಇಳಿದರೆ ಪಂಪು ತಾನೇ ನಿಲ್ಲುತ್ತದೆಯೇನಪ್ಪಾ? ನಿಂತದ್ದು ನಮಗೆ ಗೊತ್ತಾ ಆಗುವುದು ಹೇಗೆ?” ಎಂದು ಕೇಳಿದಳು. ಹುಡುಗನು ತುಸು ಹೊತ್ತು ಸುಮ್ಮನಿದ್ದು, “ಅದನ್ನು ನಾವು ಯೋಚಿಸಿರಲಿಲ್ಲ, ಅಮ್ಮಾ” ಎಂದನು. ಆ ಉತ್ತರವನ್ನು ಕೇಳಿದ ಮೇಲೆ ಅವನ ವಿಷಯದಲ್ಲಿ ನನಗೆ ಧೈರ್ಯ ಬಂದಿತು. ವಾರಕ್ಕೆರಡು ದಿನ ಬರುತ್ತಿದ್ದಾನೆ, ಹಣವೇನೂ ಇಲ್ಲ.

ಜವಾನನು ನಿವೃತ್ತನಾಗಿ ಈಗ ತನ್ನ ಮಗನ ಮನೆಯಲ್ಲಿದ್ದಾನೆ. ಎರಡು ವರ್ಷದ ಹಿಂದೆ ಮದುವೆಯೊಂದರಲ್ಲಿ ಸಿಕ್ಕಿದನು. ಊಟವಾದ ಮೇಲೆ ಚಪ್ಪರದ ಕಂಬಕ್ಕೊರಗಿ ಕುಳಿತಿದ್ದಾಗ, ಇಷ್ಟು ವರ್ಷ ಬಾಯಿಗೆ ಬಾರದಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆನು. “ಆ ಗೋಡೆ ಬೀಳುತ್ತದೆಂದು ನಿನಗೆ ಗೊತ್ತಿತ್ತಲ್ಲವೆ?”

“ಗೊತ್ತಿತ್ತು, ಸ್ವಾಮಿ.”

“ಮತ್ತೆ ಬೀಳುತ್ತದೆಂದೇ ಏಕೆ ಹೇಳಲಿಲ್ಲ?”

ಅವನು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ನನ್ನ ಮುಖವನ್ನು ನೋಡಿದನು. “ನೀವು ಲೆಕ್ಕ ಬರೆಯುತ್ತಿದ್ದಿರಿ. ತಲೆ ಎತ್ತಿ ನೋಡಲಿಲ್ಲ” ಎಂದನು.